ಸೈಡ್‌ಕಾರಿನಲ್ಲಿ ಅತ್ತೆ

ಓಲ್ಡಮ್ ಊರಿನ ಹತ್ತಿ ಗಿರಣಿಗಳು ಬೇಸಿಗೆಯ ಕೊನೆಗೆ ಒಂದು ವಾರ ಬಾಗಿಲು ಹಾಕುತ್ತಿದ್ದವು. ಚಿಮಣಿಗಳ ಹೊಗೆ ನಿಂತು ಊರಾಚೆಯ ಗುಡ್ಡ ಕಣ್ಣಿಗೆ ಬೀಳುತ್ತಿದ್ದದ್ದು ಆ ವಾರ ಮಾತ್ರ. ಆದರೆ ಗುಡ್ಡ ನೋಡಲು ಊರಲ್ಲಿ ಯಾರಿರುತ್ತಿದ್ದರು? ಊರಿಗೆ ಊರೇ ಪೆಟ್ಟಿಗೆ ಕಟ್ಟಿಕೊಂಡು ರೈಲು ಹತ್ತಿ ಬ್ಲ್ಯಾಕ್‌ಪೂಲಿನ ಕಡಲದಂಡೆಗೆ ಹೋಗುತ್ತಿತ್ತು. ಇಲ್ಲಿ ಅಕ್ಕಪಕ್ಕದ ಮನೆಯಲ್ಲಿದ್ದವರು ಅಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು, ಇಲ್ಲಿ ಆಡುತ್ತಿದ್ದ ಮಾತನ್ನೇ ಅಲ್ಲಿಯೂ ಆಡಿ, ಬಿಸಿಲಿಗೆ ಮೂಗು ಕೆಂಪಗೆ ಮಾಡಿಕೊಂಡು ಹಿಂದಿರುಗುತ್ತಿದ್ದರು.

ಐವಿ ಆಗ್ಡನ್ ಹುಟ್ಟಿದಾಗಿನಿಂದ ಕಂಡದ್ದು ಈ ಎರಡೇ ಊರು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಹೋದದ್ದೂ ಬ್ಲ್ಯಾಕ್‌ಪೂಲಿಗೇ. ಪಕ್ಕದ ಕೋಣೆಯಲ್ಲಿ ಅತ್ತೆ ಹ್ಯಾನಾ ಇದ್ದಳು. ಅತ್ತೆ ಕೆಟ್ಟವಳಲ್ಲ. ಆದರೆ ಮನೆಯಲ್ಲಿ ಒಲೆ ಅವಳದು, ಕೆಟಲು ಅವಳದು, ಬೆಂಕಿಯ ಹತ್ತಿರದ ಕುರ್ಚಿಯೂ ಅವಳದೇ. ಸೊಸೆ ಮಾಡಿದ ಗ್ರೇವಿಯನ್ನು ಅವಳು ತೆಗಳಿದವಳಲ್ಲ, ಸುಮ್ಮನೆ ಎದ್ದು ಉಪ್ಪು ತರುತ್ತಿದ್ದಳು. ಇಬ್ಬರೂ ಒಂದೇ ಗಿರಣಿಯಲ್ಲಿ ನೇಯುವವರು. ಮಗ್ಗಗಳ ಗದ್ದಲದಲ್ಲಿ ಕಿವಿಗೆ ಮಾತು ಬೀಳದ್ದರಿಂದ ಅಲ್ಲಿನ ಹೆಂಗಸರು ತುಟಿಯನ್ನು ದೊಡ್ಡದಾಗಿ ಆಡಿಸಿ, ಧ್ವನಿಯೇ ಇಲ್ಲದೆ ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕಲಿತಿದ್ದರು. ಅತ್ತೆ ಸೊಸೆಯರು ಅಲ್ಲಿ ಹಾಗೆ ದಿನವಿಡೀ ಹರಟುತ್ತಿದ್ದರು. ವಿಚಿತ್ರವೆಂದರೆ, ಮನೆಗೆ ಬಂದು ನಿಶ್ಶಬ್ದದಲ್ಲಿ ಎದುರುಬದುರು ಕೂತರೆ ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲ.

ಯುದ್ಧಕಾಲದಿಂದ ಇದ್ದ ಸಕ್ಕರೆಯ ಪಡಿತರ ಮುಗಿದ ಮಾರನೆಯ ವರ್ಷ ಐವಿಯ ಗಂಡ ವಿಲ್ಫ್ ಒಂದು ಹಳೆಯ ಮೋಟಾರುಬೈಕು ತಂದ. ಕಪ್ಪು ಬಣ್ಣದ್ದು, ಪಕ್ಕಕ್ಕೆ ದೋಣಿಯಂಥ ಸೈಡ್‌ಕಾರು. ಈ ಸಲ ಬ್ಲ್ಯಾಕ್‌ಪೂಲ್ ಬೇಡ, ಸೈನ್ಯದಲ್ಲಿ ನನ್ನ ಜೊತೆಗಿದ್ದ ಗೆಳೆಯರು ದೇಶದ ಮೂಲೆಮೂಲೆಯಲ್ಲಿದ್ದಾರೆ, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಇದ್ದು ಸುತ್ತಿ ಬರೋಣ ಅಂದ. ಅವರೆಲ್ಲ ಇರುವ ಊರುಗಳಲ್ಲಿ ಕೋಟೆಗಳಿವೆ ಎಂದೂ ಸೇರಿಸಿದ. ಐವಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಜ್ಜಿಯ ಮನೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೊಂದು ಕೋಟೆಯ ಚಿತ್ರವಿತ್ತು. ಬಿಸ್ಕತ್ತು ತಿನ್ನುವುದನ್ನು ಬಿಟ್ಟು ಮುಚ್ಚಳ ನೋಡುತ್ತಾ ಕೂರುವ ಹುಡುಗಿ ಎಂದು ಮನೆಯಲ್ಲಿ ನಗುತ್ತಿದ್ದರು. ಆ ಹುಡುಗಿ ಇಪ್ಪತ್ತನಾಲ್ಕು ವರ್ಷಕ್ಕೆ ಬಂದರೂ ಕಲ್ಲಿನ ಕೋಟೆಯೊಂದನ್ನು ಮುಟ್ಟಿರಲಿಲ್ಲ.

ಹೊರಡುವ ದಿನ ಬೆಳಗ್ಗೆ ಇಬ್ಬರೂ ಸಾಮಾನು ಹೊತ್ತು ಬೀದಿಗೆ ಬಂದರೆ ಸೈಡ್‌ಕಾರಿನಲ್ಲಿ ಹ್ಯಾನಾ ಆಗಲೇ ಕೂತಿದ್ದಳು. ತಲೆಗೆ ಕೆಂಪು ಚೆರ್ರಿಹಣ್ಣಿನ ಗೊಂಚಲಿದ್ದ ಟೋಪಿ, ಕೈಯಲ್ಲಿ ಕೊಡೆ, ತೊಡೆಯ ಮೇಲೆ ಶುಂಠಿ ಕೇಕಿನ ಡಬ್ಬಿ.

"ಏನ್ ಹಾಗ್ ನೋಡ್ತಿದ್ದೀರಿ?" ಅಂದಳು. "ಪಕ್ಕದ್ದು ಖಾಲಿ ಹೋದ್ರೆ ಗಾಡಿ ಒಂದ್ಕಡೆ ವಾಲುತ್ತಂತೆ. ಹಾಲಿನವ ಹೇಳ್ದ. ನಿಮ್ಮ ಒಳ್ಳೇದಕ್ಕೇ ಬರ್ತಿರೋದು."

ವಿಲ್ಫ್ ಹೆಂಡತಿಯ ಮುಖ ನೋಡಲಿಲ್ಲ, ಬೈಕಿನ ಚಕ್ರ ನೋಡಿದ. ಐವಿ ಹಲ್ಲು ಕಚ್ಚಿಕೊಂಡು ಹಿಂದಿನ ಸೀಟು ಹತ್ತಿ ಅವನ ಬೆನ್ನನ್ನು ಎರಡು ಸಲ ತಟ್ಟಿದಳು. ಇಂಜಿನಿನ ಸದ್ದಿನಲ್ಲಿ ಕಿವಿ ಕೇಳದ್ದರಿಂದ ಅದು ಅವರಿಬ್ಬರ ಒಪ್ಪಂದವಾಗಿತ್ತು: ಎರಡು ಸಲ ತಟ್ಟಿದರೆ ಹೊರಡು ಎಂದರ್ಥ.

ಆದರೆ ಊರು ದಾಟಿ, ಗಿರಣಿಗಳ ಕೆಂಪು ಗೋಡೆ ಹಿಂದೆ ಬಿದ್ದು, ರಸ್ತೆಯ ಎರಡೂ ಬದಿ ಹಸಿರು ಹರಡುತ್ತಿದ್ದಂತೆ ಸಿಟ್ಟಿಗೆ ಜಾಗವೇ ಉಳಿಯಲಿಲ್ಲ. ಗಾಳಿ ಅವಳ ಸ್ಕಾರ್ಫನ್ನು ಕಿತ್ತುಕೊಳ್ಳಲು ನೋಡುತ್ತಿತ್ತು. ವೇಲ್ಸ್ ನಾಡು ಬಂತು. ತಿರುವು ಕಳೆದು ತಿರುವು. ಮಧ್ಯಾಹ್ನದ ಹೊತ್ತಿಗೆ ಒಂದು ತಿರುವಿನಲ್ಲಿ ನದಿ ಕಡಲು ಸೇರುವ ಜಾಗ ತೆರೆದುಕೊಂಡಿತು. ಅದರ ದಡದ ಮೇಲೆ ಕಾನ್ವಿ ಕೋಟೆ, ಎಂಟು ಗೋಪುರ ಎತ್ತಿಕೊಂಡು ನಿಂತಿತ್ತು. ಐವಿ ಗಂಡನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವನು ಬ್ರೇಕು ಹಾಕಿದ. ಮುಚ್ಚಳದ ಚಿತ್ರಕ್ಕಿಂತ ಅದು ಬೇರೆಯೇ ಇತ್ತು. ಚಿತ್ರದ ಕೋಟೆ ಚಂದವಿತ್ತು, ಇದಕ್ಕೆ ತೂಕವಿತ್ತು.

ಅಲ್ಲಿ ಮೊದಲ ಗೆಳೆಯ ಗ್ವಿಲಿಮ್. ನದಿಯ ಬಾಯಲ್ಲಿ ಮಸ್ಸೆಲ್ ಎಂಬ ಚಿಪ್ಪುಮೀನು ಹಿಡಿಯುವುದು ಅವನ ಕಸುಬು. ವಿಲ್ಫನನ್ನು ಕಂಡೊಡನೆ ದೋಣಿಯಿಂದ ಮೊಣಕಾಲುದ್ದ ನೀರಿಗೆ ಧುಮುಕಿ ಓಡಿಬಂದು ಅಪ್ಪಿಕೊಂಡ. ಅವನ ಹೆಂಡತಿ ಒಂದು ದೊಡ್ಡ ಪಾತ್ರೆಯ ತುಂಬ ಮಸ್ಸೆಲ್ ಬೇಯಿಸಿ ಮೇಜಿನ ನಡುವೆ ಇಟ್ಟಳು. ಹ್ಯಾನಾ ಅದನ್ನು ಬಗ್ಗಿ ನೋಡಿ, ಇದು ಊಟವೋ ಕಲ್ಲೋ ಎಂದು ಕೇಳಿ, ಆಮೇಲೆ ಎಲ್ಲರಿಗಿಂತ ಹೆಚ್ಚು ಚಿಪ್ಪು ತನ್ನ ಮುಂದೆ ಗುಡ್ಡೆ ಹಾಕಿದಳು.

ಕೋಟೆಯಲ್ಲಿ ಐವಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದೊಂದು ಗೋಪುರಕ್ಕೂ ಹತ್ತಿದಳು, ಇಳಿದಳು, ಬಾಣ ಬಿಡುವ ಕಿಂಡಿಗಳಲ್ಲಿ ಕಣ್ಣಿಟ್ಟಳು, ಗೋಡೆಗೆ ಕೆನ್ನೆ ಒತ್ತಿ ತಂಪು ನೋಡಿದಳು. ಹ್ಯಾನಾ ಮಾತ್ರ ಅಂಗಳದಲ್ಲಿ ಒಂದು ಕಲ್ಲಿನ ಮೇಲೆ ಕೂತವಳು ಏಳಲಿಲ್ಲ.

"ಸೂರಿಲ್ಲ, ಕಿಟಕಿಗೆ ಗಾಜಿಲ್ಲ," ಅಂದಳು. "ನಮ್ ಬೀದೀಲಿ ಮನೆ ಈ ಸ್ಥಿತೀಲಿದ್ದಿದ್ರೆ ಮುನ್ಸಿಪಾಲ್ಟಿಯೋರು ಕೆಡವಿ ಹಾಕಿರೋರು. ಇದನ್ನ ನೋಡೋಕೆ ಟಿಕೀಟು ಬೇರೆ."

ಆ ಸಂಜೆಯೇ ಮೂವರೂ ಒಂದು ಕರಾರಿಗೆ ಬಂದರು. ಎತ್ತು ಏರಿಗೆ ಕೋಣ ನೀರಿಗೆ ಎಳೆದರೆ ಬಂಡಿ ಸಾಗದಲ್ಲ. ವಿಲ್ಫನಿಗೆ ಗೆಳೆಯರು, ಐವಿಗೆ ಕೋಟೆ, ಹ್ಯಾನಾಳಿಗೆ ದಾರಿಯಲ್ಲಿ ಸಿಕ್ಕ ಚರ್ಚು. ಹ್ಯಾನಾ ಮೆಥೊಡಿಸ್ಟ್ ಪಂಥದವಳು; ಬೋಳು ಗೋಡೆಯ ಪ್ರಾರ್ಥನಾಮಂದಿರದಲ್ಲಿ ಬೆಳೆದವಳು. ಬಣ್ಣದ ಗಾಜು, ಬೆಳ್ಳಿಯ ದೀಪಸ್ತಂಭ ಕಂಡರೆ ಹುಬ್ಬು ಗಂಟಿಕ್ಕುವಳು. ಆದರೆ ಅವಳಿಗೆ ಹಾಡುವ ಹುಚ್ಚು. ಹಳೆಯ ಚರ್ಚುಗಳ ಕಮಾನಿನ ಕೆಳಗೆ ದನಿ ಹೇಗೆ ಏಳುತ್ತದೆಂದು ಕೇಳಬೇಕಿತ್ತು, ಅಷ್ಟೇ.

ಮಾರನೆಯ ದಿನ ಅವರು ದಕ್ಷಿಣಕ್ಕೆ, ಲಡ್ಲೋ ಪಟ್ಟಣದತ್ತ ಹೊರಟರು. ಅಲ್ಲಿ ಮರ್ವಿನ್ ಎಂಬ ಗೆಳೆಯನ ಬೇಕರಿಯಿತ್ತು. ದಾರಿಯಲ್ಲಿ ಗುಡ್ಡದ ಸಂದಿನ ಒಂದು ಹಳ್ಳಿಯಲ್ಲಿ ಮೋಟು ಗೋಪುರದ ಪುಟ್ಟ ಚರ್ಚು ಕಂಡಿತು. ಹ್ಯಾನಾ ಕೊಡೆಯಿಂದ ಮಗನ ತೋಳು ಕುಕ್ಕಿದಳು. ಒಳಗೆ ಯಾರೂ ಇರಲಿಲ್ಲ. ಮೇಣದ, ಹಳೆಯ ಮರದ ವಾಸನೆ. ಹ್ಯಾನಾ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಹಾಡಿದಳು. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಗುನುಗುವ ದನಿಯಲ್ಲ ಅದು. ಕಲ್ಲು ಆ ದನಿಯನ್ನು ಎತ್ತಿಕೊಂಡು ಮೇಲೆ ಮಾಡಿಗೆ ಒಯ್ದು, ಅಲ್ಲಿಂದ ಎರಡರಷ್ಟು ಮಾಡಿ ಇಳಿಸಿತು. ಐವಿಯ ತೋಳಿನ ರೋಮ ನಿಮಿರಿ ನಿಂತಿತು. ಹಾಡು ಮುಗಿದಾಗ ಹ್ಯಾನಾ ಯಾರೋ ನೋಡಿಬಿಟ್ಟರೇನೋ ಎಂಬಂತೆ ಸರಸರನೆ ಹೊರನಡೆದಳು.

ಐವಿ ಒಂದು ಗಳಿಗೆ ಹಿಂದುಳಿದಳು. ಮೂಲೆಯಲ್ಲಿ ಯಾವುದೋ ಕಾಲದ ಸರದಾರನ ಸಮಾಧಿ. ಮೇಲೆ ಅವನೂ ಹೆಂಡತಿಯೂ ಕಲ್ಲಾಗಿ ಮಲಗಿದ್ದರು. ಹೆಂಡತಿಯ ಲಂಗದ ಅಂಚನ್ನು ಒಂದು ಕಲ್ಲಿನ ನಾಯಿಮರಿ ಬಾಯಲ್ಲಿ ಕಚ್ಚಿ ಎಳೆಯುತ್ತಿತ್ತು. ಶಿಲ್ಪಿಗೆ ಎಂಥ ತುಂಟತನ ಎಂದು ಐವಿ ಬಗ್ಗಿ ಅದರ ಮೂಗು ಸವರುತ್ತಿದ್ದಾಗ ಹೊರಗೆ ಇಂಜಿನ್ ಶುರುವಾದ ಸದ್ದು ಕೇಳಿತು. ಆ ಸದ್ದು ದೂರವಾಗುತ್ತಿದೆ ಎಂಬುದು ಅವಳಿಗೆ ಹೊಳೆಯಲು ಕೊಂಚ ಹೊತ್ತು ಹಿಡಿಯಿತು.

ಓಡಿಬಂದು ನೋಡಿದರೆ ಗೇಟಿನ ಮುಂದೆ ಧೂಳು ಮಾತ್ರ. ಕೂಗಿದಳು. ಸಮಾಧಿಕಲ್ಲುಗಳ ನಡುವೆ ಮೇಯುತ್ತಿದ್ದ ಕುರಿಯೊಂದು ತಲೆಯೆತ್ತಿತು. ಕೈಚೀಲ ಸೈಡ್‌ಕಾರಿನಲ್ಲಿತ್ತು. ಮರ್ವಿನ್‌ನ ವಿಳಾಸ ವಿಲ್ಫನ ತಲೆಯಲ್ಲಿತ್ತು. ಇದೆಲ್ಲ ಅತ್ತೆಯದೇ ಕರಾಮತ್ತು ಎಂದು ಐವಿಗೆ ಮೊದಲು ಅನ್ನಿಸಿತು. ಕಣ್ಣಲ್ಲಿ ನೀರು ತುಂಬಿತು. ಸ್ವಲ್ಪ ಹೊತ್ತು ಗೇಟಿನ ಮೇಲೆ ಕೂತಳು. ಯಾರೂ ವಾಪಸು ಬರಲಿಲ್ಲ. ಆಗ ಅವಳಿಗೆ ಇನ್ನೊಂದು ಯೋಚನೆ ಬಂತು. ಹುಟ್ಟಿದ ಮೇಲೆ ಮೊದಲ ಬಾರಿಗೆ ತಾನು ಎಲ್ಲಿದ್ದೇನೆಂಬುದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಹೆದರಿಕೆಯಾಗಬೇಕಿತ್ತು. ಆಗಿದ್ದು ಬೇರೆ. ಗೇಟಿನಿಂದ ಇಳಿದು, ಲಂಗ ಕೊಡವಿ, ಬೈಕು ಹೋದ ದಿಕ್ಕಿಗೆ ಬೀಸುಗಾಲಿಟ್ಟು ನಡೆದಳು.

ಒಂದು ಮೈಲಿ ದಾಟಿರಬೇಕು, ಹಿಂದಿನಿಂದ ಹಳೆಯ ಲಾರಿಯೊಂದು ಬಂದು ನಿಂತಿತು. ನಡೆಸುತ್ತಿದ್ದವಳು ಮಿಸೆಸ್ ಬೆಡೋಸ್ ಎಂಬ ರೈತ ಹೆಂಗಸು, ಗಂಡಸರ ಕೋಟು ತೊಟ್ಟಿದ್ದ ದೃಢಕಾಯದವಳು. ಹಿಂದೆ ಹುಲ್ಲಿನ ನಡುವೆ ಒಂದು ದೊಡ್ಡ ಟಗರು. ಅದರ ಹೆಸರು ಬಿಷಪ್. ಲಡ್ಲೋ ಕೋಟೆಯ ಅಂಗಳದಲ್ಲಿ ಕುರಿಗಳ ಪ್ರದರ್ಶನವಿದೆ, ಬಹುಮಾನ ಈ ಸಲ ಬಿಷಪ್‌ನದೇ ಎಂದು ಅವಳು ಮೊದಲು ಹೇಳಿ, ನೀನ್ಯಾರು ಎಂದು ಆಮೇಲೆ ಕೇಳಿದಳು. ಐವಿ ನಡೆದದ್ದನ್ನೆಲ್ಲ ಒದರಿ, ಗಂಡ ಬೇಕೆಂದೇ ಬಿಟ್ಟುಹೋದನೋ ಏನೋ ಎಂದಳು.

ಮಿಸೆಸ್ ಬೆಡೋಸ್ ಗೇರು ಬದಲಿಸುತ್ತಾ ಯೋಚಿಸಿದಳು. "ಹೆಂಡ್ತೀನ ಬಿಟ್ಟೋಡೋ ಗಂಡ್ಸು ಅಮ್ಮನ್ನ ಜೊತೆಗ್ ಕರ್ಕೊಂಡ್ ಹೋಗಲ್ಲ ಕಣಮ್ಮ. ಇವನು ಮರ್ತೇ ಹೋಗಿರೋದು. ಅದಕ್ಕೇನು ಶಿಕ್ಷೆ ಕೊಡ್ಬೇಕು ಅನ್ನೋದು ಯೋಚ್ನೆ ಮಾಡು, ಅಳ್ಬೇಡ."

ಐವಿಗೆ ನಗು ಬಂತು. ಲಾರಿ ಗುಡ್ಡ ಇಳಿಯುತ್ತಿದ್ದಂತೆ ಬಿಷಪ್ ಹಿಂದಿನ ಕಿಂಡಿಯಿಂದ ಮೂತಿ ತೂರಿಸಿ ಅವಳ ಕುತ್ತಿಗೆಗೆ ಬಿಸಿಯುಸಿರು ಬಿಡುತ್ತಿತ್ತು. ಕೆಳಗೆ ನದಿಯ ಬಳಸಿನಲ್ಲಿ ಲಡ್ಲೋ ಕಂಡಿತು: ಮೇಲೊಂದು ಚರ್ಚಿನ ಎತ್ತರದ ಗೋಪುರ, ಅಂಚಿನಲ್ಲಿ ಕೆಂಪು ಛಾಯೆಯ ಕೋಟೆ.

ಕೋಟೆಯ ಬಾಗಿಲಲ್ಲಿ ಮಿಸೆಸ್ ಬೆಡೋಸ್ ಟಗರಿನ ಹಗ್ಗವನ್ನು ಐವಿಯ ಕೈಗೆ ಕೊಟ್ಟಳು. ಟಗರು ಹಿಡಿದವರನ್ನು ಟಿಕೀಟು ಕೇಳುವವರುಂಟೇ? ಓಲ್ಡಮ್ಮಿನ ನೇಕಾರತಿ ಬಿಷಪ್‌ನನ್ನು ನಡೆಸಿಕೊಂಡು ರಾಜಠೀವಿಯಲ್ಲಿ ಕೋಟೆ ಹೊಕ್ಕಳು. ಅಂಗಳದ ತುಂಬ ಕುರಿಹಟ್ಟಿ, ಚಹದ ಡೇರೆ, ಒಂದು ಮೂಲೆಯಲ್ಲಿ ಹಿತ್ತಾಳೆಯ ವಾದ್ಯಮೇಳ ಕಹಳೆ ಊದಿ ಡೋಲು ಬಾರಿಸುತ್ತಿತ್ತು. ಟಗರನ್ನು ಹಟ್ಟಿ ಸೇರಿಸಿದೊಡನೆ ಐವಿಗೆ ಉಪಾಯ ಹೊಳೆಯಿತು. ಎತ್ತರಕ್ಕೆ ಹೋದರೆ ಊರಿನ ಬೀದಿಗಳೆಲ್ಲ ಕಾಣುತ್ತವೆ. ಕಪ್ಪು ಬೈಕು ಕಾಣದೆ ಎಲ್ಲಿ ಹೋದೀತು? ಒಳಕೋಟೆಯ ದೊಡ್ಡ ಗೋಪುರದ ಸುರುಳಿ ಮೆಟ್ಟಿಲನ್ನು ಓಡೋಡುತ್ತಾ ಹತ್ತಿದಳು.

ಮೇಲೆ ಗಾಳಿ ಅವಳನ್ನು ತಳ್ಳಿತು. ಪಶ್ಚಿಮಕ್ಕೆ ವೇಲ್ಸಿನ ಬೆಟ್ಟಗಳು ಒಂದರ ಹಿಂದೊಂದು ನೀಲಿಯಾಗುತ್ತಾ ಹೋಗಿದ್ದವು. ಕೆಳಗೆ ನದಿ, ಹೊಲ, ಬಿಯರಿಗೆ ಬಳಸುವ ಹಾಪ್ಸ್ ಬಳ್ಳಿಯ ತೋಟಗಳು. ತಾನು ಕಳೆದುಹೋದವಳು ಎಂಬುದೇ ಅವಳಿಗೆ ಮರೆತುಹೋಯಿತು. ಆಮೇಲೆ ನೆನಪಾಗಿ ಬೀದಿ ಬೀದಿ ನೋಡಿದಳು. ಬೈಕು ಇರಲಿಲ್ಲ. ಕಣ್ಣು ಅಂಗಳಕ್ಕಿಳಿಯಿತು. ಬಿಳಿ ಕುರಿಗಳ ನಡುವೆ ಕೆಂಪಗೆ ಏನೋ ಅಲುಗಿತು. ಚೆರ್ರಿಹಣ್ಣಿನ ಟೋಪಿ.

ಹ್ಯಾನಾ ಒಬ್ಬಳೇ ಇದ್ದಳು. ಎದುರಾದ ಹೆಂಗಸರ ಮುಖವನ್ನೆಲ್ಲ ಬಗ್ಗಿ ಬಗ್ಗಿ ನೋಡುತ್ತಾ ಜನರನ್ನು ಕೊಡೆಯಿಂದ ಸರಿಸಿಕೊಂಡು ಬರುತ್ತಿದ್ದಳು. ಒಳಕೋಟೆಯ ಕಂದಕದ ಹತ್ತಿರ ನಿಂತು, ತಲೆಯೆತ್ತಿ, ಗೋಡೆಯುದ್ದಕ್ಕೂ ಒಂದೊಂದೇ ಗೋಪುರವನ್ನು ನೋಡತೊಡಗಿದಳು. ಐವಿ ಕೂಗಿದಳು, ಡೋಲು ಅದನ್ನು ನುಂಗಿತು. ಸ್ಕಾರ್ಫ್ ಬಿಚ್ಚಿ ಬೀಸಿದಳು. ಟೋಪಿ ತಟಕ್ಕನೆ ನಿಂತಿತು.

ಆಗ ಇಬ್ಬರೂ ಕೂಗುವುದನ್ನು ಬಿಟ್ಟರು. ಹ್ಯಾನಾ ಕೊಡೆ ಕೆಳಗಿಟ್ಟು, ಎರಡು ಕೈಯನ್ನೂ ಖಾಲಿ ಮಾಡಿಕೊಂಡು, ಗಿರಣಿಯಲ್ಲಿ ಮಗ್ಗದಾಚೆಗೆ ಮಾತಾಡುವಂತೆ ತುಟಿ ಅಗಲಿಸಿದಳು. ಮೊದಲ ಮಾತು ಐವಿಗೆ ಸ್ಪಷ್ಟವಾಗಿ ಕಂಡಿತು.

"ಕೋಟಿನ್ ಗುಂಡಿ ಹಾಕ್ಕೋ. ಮೇಲೆ ಗಾಳಿ."

ಐವಿ ಗುಂಡಿ ಹಾಕಿಕೊಂಡಳು. ಅವರೆಲ್ಲಿ ಎಂದು ತುಟಿಯಲ್ಲೇ ಕೇಳಿದಳು.

"ಇಲ್ಲಿಗ್ ಬಂದ್ಮೇಲೇ ಗೊತ್ತಾಗಿದ್ದು. ಆ ಕತ್ತೇನ ವಾಪಸ್ ಓಡ್ಸಿದೀನಿ. ಚರ್ಚಿನ್ ಹತ್ರ ಹುಡುಕ್ತಿದಾನೆ." ಹ್ಯಾನಾ ಕೈಯಿಂದ ತನ್ನ ಎದೆ ಮುಟ್ಟಿಕೊಂಡಳು. "ಅವನ ಬೆನ್ ತಟ್ಟಿದ್ದು ನಾನು. ಜೇನ್ನೊಣ ಕೂತಿತ್ತು. ಎರಡೇಟು ಹೊಡ್ದೆ. ನೀನು ಅಂದ್ಕೊಂಡು ಹೊರಟುಬಿಟ್ಟ. ಗಾಡಿ ಓಡುವಾಗ ನಾನು ಕಣ್ ಮುಚ್ಕೊಂಡೇ ಇರ್ತೀನಿ." ಸ್ವಲ್ಪ ತಡೆದು ಕೇಳಿದಳು: "ಹೆದರ್ಕೊಂಡ್ಯಾ?"

"ಇಲ್ಲ."

"ನಾನು ಹೆದರ್ಕೊಂಡೆ."

ಮನೆಯಲ್ಲಾದರೆ, ಬೆಂಕಿಯ ಮುಂದಿನ ಕುರ್ಚಿಯಲ್ಲಿ ಕೂತು, ಆ ಮಾತು ಹ್ಯಾನಾಳ ಬಾಯಿಂದ ಬರುತ್ತಿರಲಿಲ್ಲ. ಐವಿ ಕಲ್ಲುಗೋಡೆಗೆ ಒರಗಿ ತಲೆಯಾಡಿಸಿದಳು. ನಾನಿಲ್ಲಿದ್ದೇನೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು.

"ಕೋಟೆ ಬಿಟ್ಟು ನೀನಿನ್ನೆಲ್ಲಿಗ್ ಹೋಗ್ತೀಯ? ಅಲ್ಲೇ ಇರು. ಬರ್ತೀನಿ."

ಕಾನ್ವಿಯಲ್ಲಿ ಒಂದು ಮೆಟ್ಟಿಲು ಹತ್ತದಿದ್ದ ಹೆಂಗಸು ಕೊಡೆಯೂರಿಕೊಂಡು ಅಷ್ಟೆತ್ತರ ಹತ್ತಿ ಬಂದಳು. ಮೇಲೆ ಬಂದಾಗ ಮುಖ ಟೋಪಿಯ ಹಣ್ಣಿನಷ್ಟೇ ಕೆಂಪಾಗಿತ್ತು. ಐವಿಯ ಕೈಗೆ ಶುಂಠಿ ಕೇಕಿನ ಡಬ್ಬಿ ತುರುಕಿ, ಬೈಯುವುದಕ್ಕೆಂದು ಬಾಯಿ ತೆರೆದವಳು ಗೋಡೆಯಾಚೆ ನೋಡಿದಳು. ಬೆಟ್ಟದಿಂದ ಬೆಟ್ಟಕ್ಕೆ ಕೊಡೆಯ ತುದಿ ಆಡಿಸಿದಳು.

"ಇಷ್ಟೊಂದಿತ್ತಾ ನಮ್ ದೇಶ?" ಎಂದಳು ಕೊನೆಗೆ. "ನಲವತ್ ವರ್ಷ ಅದೇ ಕಡಲದಂಡೇಲಿ ಅದೇ ಕುರ್ಚಿಗೆ ಜಗಳ ಆಡ್ಕೊಂಡ್ ಕೂತಿದ್ನಲ್ಲ."

ಇಬ್ಬರೂ ಗೋಡೆಯ ಸಂದಿನಲ್ಲಿ ಕೂತು ಕೇಕು ತಿಂದರು. ಗುಡ್ಡ ತೋರಿಸಿ ಅದರಾಚೆ ಏನಿದೆ ಎಂದು ಒಬ್ಬಳು ಕೇಳುವುದು, ಗೊತ್ತಿಲ್ಲದೆಯೇ ಇನ್ನೊಬ್ಬಳು ಹೇಳುವುದು. ಬಿಷಪ್‌ಗೆ ಎರಡನೆಯ ಬಹುಮಾನ ಬಂದು, ಮಿಸೆಸ್ ಬೆಡೋಸ್ ತೀರ್ಪುಗಾರನ ಜೊತೆ ಜಗಳಕ್ಕೆ ನಿಂತದ್ದೂ ಮೇಲಿನಿಂದ ಕಂಡಿತು. ಅಷ್ಟರಲ್ಲಿ ಕೋಟೆಯ ಬಾಗಿಲಲ್ಲಿ ಕಪ್ಪು ಬೈಕು ಬಂದು ನಿಂತಿತು. ವಿಲ್ಫ್ ಅಡಿಯಿಂದ ಮುಡಿಯವರೆಗೆ ಧೂಳು. ಸೈಡ್‌ಕಾರಿನಲ್ಲಿ ಒಬ್ಬ ಮುದಿ ಪಾದ್ರಿ, ಹುಡುಕಲು ನೆರವಾಗಲೆಂದು ಬಂದವನು, ಟೋಪಿಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು ಕೂತಿದ್ದ. ವಿಲ್ಫ್ ಅಂಗಳದಲ್ಲಿ ಕುರಿಗಳ ಸಾಲಿನಿಂದ ಸಾಲಿಗೆ ಓಡುತ್ತಾ, ಅಮ್ಮ ಎಂದೊಮ್ಮೆ, ಐವಿ ಎಂದೊಮ್ಮೆ ಕೂಗುತ್ತಿದ್ದ. ಐವಿ ಏಳಹೋದಳು. ಹ್ಯಾನಾ ಅವಳ ಕೋಟು ಹಿಡಿದು ಕೂರಿಸಿದಳು.

"ಸ್ವಲ್ಪ ಹುಡುಕ್ಲಿ ಬಿಡು. ಬೆನ್ನ ಮೇಲ್ ಕೈ ಬಿದ್ರೆ ಅದು ಅಮ್ಮಂದೋ ಹೆಂಡ್ತೀದೋ ಅಂತ ಗೊತ್ತಾಗ್ದಿರೋನು."

ಕೆಳಗಿಳಿದಾಗ ವಿಲ್ಫ್ ಹೆಂಡತಿಯ ಎರಡು ತೋಳನ್ನೂ ಹಿಡಿದುಕೊಂಡು ನಿಂತುಬಿಟ್ಟ. ಆ ರಾತ್ರಿ ಬೇಕರಿಯ ಮರ್ವಿನ್ ಬಿಸಿಬಿಸಿ ಮಾಂಸದ ಪೈ ಬಡಿಸುತ್ತಾ ಕಥೆಯನ್ನು ಮೂರು ಬಾಯಿಂದ ಮೂರು ಥರ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಇಲ್ಲಿಂದ ಮನೆಗೆ ಹಿಂದಿರುಗೋಣ, ಬ್ಯಾಂಬರೋದಲ್ಲಿರುವ ಇನ್ನೊಬ್ಬ ಗೆಳೆಯ ಕತ್ಬರ್ಟ್‌ನ ಮನೆ ದೂರ, ಉತ್ತರದ ತುದಿಯಲ್ಲಿದೆ, ಇನ್ನೊಂದು ವರ್ಷ ಹೋದರಾಯಿತು ಎಂದು ವಿಲ್ಫ್ ಹೇಳಿದ. ಹ್ಯಾನಾ ಚಮಚ ಕೆಳಗಿಟ್ಟಳು. ಅಲ್ಲಿ ಕೋಟೆ ಇದೆಯೋ ಎಂದು ಕೇಳಿದಳು. ಇದೆ, ಕಡಲಿನ ಮೇಲೇ ಇದೆ ಎಂದ ವಿಲ್ಫ್. ಹಾಗಾದರೆ ಬೆಳಗ್ಗೆ ಬೇಗ ಎಬ್ಬಿಸು ಎಂದು ಅವಳು ಮಲಗಲು ಹೋದಳು.

ದೇಶದ ಉದ್ದಕ್ಕೂ ಅವರು ಉತ್ತರಕ್ಕೆ ಹೋದರು. ಒಮ್ಮೆ ಮಳೆ ಹಿಡಿಯಿತು, ಒಮ್ಮೆ ಚಕ್ರ ಪಂಕ್ಚರಾಯಿತು. ಹ್ಯಾನಾ ರಸ್ತೆಬದಿಯಲ್ಲಿ ಕೊಡೆ ಬಿಚ್ಚಿ ನಿಂತು ಹಾಡಿದಳು. ಡರಮ್ ಪಟ್ಟಣದ ಮಹಾಚರ್ಚಿನಲ್ಲಿ ಮರದ ಕಾಂಡದಂಥ ಕಂಬಗಳ ನಡುವೆ ನಿಂತು, ದೇವರೊಬ್ಬನಿಗೆ ಇಷ್ಟು ದೊಡ್ಡ ಮನೆ ಯಾಕೆ, ಗುಡಿಸುವವರು ಯಾರು ಎಂದು ಐವಿಯ ಕಿವಿಯಲ್ಲಿ ಕೇಳಿದಳು. ಆದರೆ ಅಲ್ಲಿ ಹುಬ್ಬು ಗಂಟಿಕ್ಕಲಿಲ್ಲ; ಸಂಜೆಯ ಪ್ರಾರ್ಥನೆಗೆ ಗಾಯಕರ ಜೊತೆ ತಾನೂ ದನಿಗೂಡಿಸಿದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ಈ ಸಲ ಅವಳು ಸರಸರನೆ ಹೊರನಡೆಯಲಿಲ್ಲ.

ಬ್ಯಾಂಬರೋ ತಲುಪಿದಾಗ ಕಡಲು ಇಳಿದಿತ್ತು. ಮರಳು ಮೈಲುಗಟ್ಟಲೆ ಹೊಳೆಯುತ್ತಾ ಮಲಗಿತ್ತು. ಅದರ ಮೇಲೆ ಕಪ್ಪು ಬಂಡೆ, ಬಂಡೆಯ ಮೇಲೆ ಕೋಟೆ. ಕತ್ಬರ್ಟ್ ನಳ್ಳಿ ಹಿಡಿಯುವವನು, ಮಾತು ಕಡಿಮೆ. ಬೈಕನ್ನು ಸುತ್ತು ಹಾಕಿ ನೋಡಿ, ಈ ಹೊತ್ತಿನಲ್ಲಿ ಮರಳು ರಸ್ತೆಗಿಂತ ಗಟ್ಟಿ, ಬೇಕಾದರೆ ಕೋಟೆಯ ಬುಡದವರೆಗೂ ಓಡಿಸಬಹುದು ಎಂದ.

"ನಾನು ಓಡಿಸ್ತೀನಿ," ಎಂದಳು ಐವಿ.

ವಿಲ್ಫ್ ನಕ್ಕ. ಮತ್ಯಾರೂ ನಗಲಿಲ್ಲ. ಹ್ಯಾನಾ ಆಗಲೇ ಹಿಂದಿನ ಸೀಟಿನ ಮೇಲೆ ಗಂಡಸರ ಹಾಗೆ ಕಾಲು ಚಾಚಿ ಹತ್ತುತ್ತಿದ್ದಳು. "ನೀನ್ ಪಕ್ಕದ್ರಲ್ಲಿ ಕೂತ್ಕೋ," ಎಂದಳು ಮಗನಿಗೆ. "ಖಾಲಿ ಹೋದ್ರೆ ವಾಲುತ್ತೆ."

ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ವಿಲ್ಫ್ ತೋರಿಸಿಕೊಟ್ಟ. ಮೊದಲ ಸಲ ಬೈಕು ಕಪ್ಪೆಯಂತೆ ಹಾರಿ ಸತ್ತಿತು. ಎರಡನೆಯ ಸಲವೂ. ಮೂರನೆಯ ಸಲ ಚಕ್ರ ಮರಳನ್ನು ಕಚ್ಚಿತು. ಮಗ್ಗ ನಡೆಸುವ ಕೈಗೆ ಯಂತ್ರದ ಮರ್ಜಿ ಬೇಗ ಗೊತ್ತಾಗುತ್ತದೆ. ಐವಿ ಗಾಳಿಯೊಳಕ್ಕೆ ನುಗ್ಗಿದಳು. ಎಡಗಡೆ ದಿಬ್ಬಗಳು, ಬಲಗಡೆ ಕಡಲಿನ ಬಿಳಿ ಅಂಚು, ಎದುರಿಗೆ ಕೋಟೆ ಗಳಿಗೆ ಗಳಿಗೆಗೂ ಬೆಳೆಯುತ್ತಾ ಆಕಾಶವನ್ನು ತಿನ್ನುತ್ತಾ ಬರುತ್ತಿತ್ತು. ಹಕ್ಕಿಗಳ ಹಿಂಡೊಂದು ಮರಳಿನಿಂದೆದ್ದು ಎರಡಾಗಿ ಒಡೆಯಿತು. ಸೈಡ್‌ಕಾರಿನಲ್ಲಿ ವಿಲ್ಫ್ ಎರಡು ಕೈಯಲ್ಲೂ ಅಂಚು ಹಿಡಿದು, ಬ್ರೇಕು ಬ್ರೇಕು ಎಂದು ಬಾಯಿ ಆಡಿಸುತ್ತಿದ್ದ. ಅವನ ತುಟಿ ಓದುವುದು ಐವಿಗೆ ಕಷ್ಟವೇನಿರಲಿಲ್ಲ, ಆದರೆ ಆ ಕಡೆ ನೋಡಲಿಲ್ಲ. ಹಿಂದಿನಿಂದ ಹ್ಯಾನಾ ಅವಳ ಸೊಂಟವನ್ನು ಬಳಸಿ ಹಿಡಿದು, ಕಿವಿಯ ಹತ್ತಿರ ಬಾಯಿ ತಂದು, ಇನ್ನೂ ಜೋರಾಗಿ ಹೋಗೇ ಎಂದಳು.

ಬಂಡೆಯ ಬುಡದಲ್ಲಿ ಅವಳು ಬೈಕನ್ನು ಅಗಲಕ್ಕೆ ತಿರುಗಿಸಿ ನಿಲ್ಲಿಸಿದಳು. ಕೋಟೆಯ ನೆರಳು ಮೂವರ ಮೇಲೂ ಬಿತ್ತು. ವಿಲ್ಫ್ ಇಳಿದು ಮರಳಿನ ಮೇಲೆ ಕೂತ. ಬೂಟಿನಿಂದ ಮರಳು ಕೊಡವುತ್ತಾ, ನನಗಿಂತ ಚೆನ್ನಾಗಿ ಓಡಿಸುತ್ತೀಯ ಎಂದು ಒಪ್ಪಿಕೊಂಡ. ದೂರದಲ್ಲಿ ಕತ್ಬರ್ಟ್ ಕೈಬೀಸುತ್ತಾ ಕಡಲಿನತ್ತ ತೋರಿಸುತ್ತಿದ್ದ: ಉಬ್ಬರ ಶುರುವಾಗಿತ್ತು, ನೀರಿನ ತೆಳುವಾದ ಹಾಳೆಗಳು ಒಂದರ ಮೇಲೊಂದು ಜಾರಿ ಬರುತ್ತಿದ್ದವು.

"ಇನ್ನೊಂದ್ಸಲಕ್ಕೆ ಹೊತ್ತಿದೆ," ಎಂದಳು ಹ್ಯಾನಾ, ಸೀಟಿನಿಂದ ಇಳಿಯದೆ. ಐವಿ ಬೈಕಿಗೆ ಕಿಕ್ ಹೊಡೆದಳು.